ಮೇಲಿನ ಸಾಲಿನ ಒಂಬತ್ತು ಬಟನ್‌ಗಳು

ಹನ್ನೊಂದು ವರ್ಷ ನಾನು ಆ ಕೀಬೋರ್ಡಿನ ಧೂಳು ಒರೆಸಿದ್ದೇನೆ. ಗೋವಾದ ಕುಂಕಳ್ಳಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ನನ್ನ ಕೆಲಸ. ಯಾವ ಲಾರಿಗೆ ಯಾವ ಪೆಟ್ಟಿಗೆ ಹೋಯಿತು ಎಂದು ಕಂಪ್ಯೂಟರಿನಲ್ಲಿ ಬರೆದಿಡುವುದು. ಬೆಳಿಗ್ಗೆ ಬಂದ ಕೂಡಲೇ ಬಟ್ಟೆ ತೆಗೆದುಕೊಂಡು ಮೊದಲು ಕೀಬೋರ್ಡು ಒರೆಸುತ್ತಿದ್ದೆ. ರಟ್ಟಿನ ಪುಡಿ ಸಣ್ಣಗೆ ಹಿಟ್ಟಿನಂತೆ ಎಲ್ಲದರ ಮೇಲೂ ಕೂರುತ್ತದೆ.

ಆ ಕೀಬೋರ್ಡು ಉಳಿದವುಗಳ ಹಾಗಿರಲಿಲ್ಲ. ಅಕ್ಷರಗಳ ಮೇಲೆ, ಅಂಕಿಗಳ ಮೇಲೆ, ಎಲ್ಲಕ್ಕಿಂತ ಮೇಲೆ ಇನ್ನೊಂದು ಸಾಲಿತ್ತು. ಒಂಬತ್ತು ದುಂಡು ಬಟನ್, ಬಲತುದಿಯಲ್ಲಿ ಒಂದು ರಬ್ಬರಿನ ಚಕ್ರ. ಬಟನ್‌ಗಳ ಮೇಲೆ ಅಕ್ಷರವಿಲ್ಲ, ಬರೀ ಚಿತ್ರ. ಒಂದರ ಮೇಲೆ ಮನೆ, ಒಂದರ ಮೇಲೆ ಅಂಚೆಯ ಲಕೋಟೆ, ಒಂದರ ಮೇಲೆ ಕ್ಯಾಲ್ಕುಲೇಟರ್, ಒಂದರ ಮೇಲೆ ಗೀಟು ಹೊಡೆದ ಸ್ಪೀಕರ್. ಉಳಿದವು ಹಳೆಯ ಟೇಪ್ ರೆಕಾರ್ಡರಿನಲ್ಲಿ ಇರುತ್ತಿದ್ದಂಥ ಬಾಣ, ಚೌಕ. ಆಫೀಸಿನ ಕಂಪ್ಯೂಟರಿಗೆ ಸ್ಪೀಕರೇ ಇರಲಿಲ್ಲ. ಸೇರಿದ ಹೊಸದರಲ್ಲಿ ಒಮ್ಮೆ ಲಕೋಟೆಯ ಬಟನ್ ಒತ್ತಲು ಹೋಗಿದ್ದೆ. ಹಿಂದೆ ನಿಂತಿದ್ದ ಮ್ಯಾನೇಜರರು, ಗೊತ್ತಿಲ್ಲದ್ದನ್ನು ಒತ್ತಬೇಡ ಎಂದರು. ಒತ್ತಲಿಲ್ಲ. ಆದರೆ ದಿನಾ ಒರೆಸುವಾಗ, ಒತ್ತಿದರೆ ಏನಾಗುತ್ತಿತ್ತು ಎಂಬುದೊಂದು ತಲೆಯಲ್ಲಿ ಉಳಿದೇ ಇತ್ತು.

ಆಫೀಸಿಗೆ ಹೊಸ ಕಂಪ್ಯೂಟರುಗಳು ಬಂದಾಗ ಹಳೆಯವನ್ನು ಬೇಕಾದವರು ಒಯ್ಯಬಹುದು ಎಂದರು. ನಾನು ನನ್ನದನ್ನೇ ಕೇಳಿದೆ. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಅಣ್ಣ ಅದನ್ನು ಒಂದು ಪೆಟ್ಟಿಗೆಯಲ್ಲಿ ಕಟ್ಟಿಕೊಟ್ಟರು. ಹುಬ್ಬಳ್ಳಿ ಕಡೆಯವರು, ಇನ್ನೆರಡು ವರ್ಷಕ್ಕೆ ನಿವೃತ್ತಿ ಇದ್ದವರು. ಕಂಪ್ಯೂಟರ್ ಬಿಚ್ಚಿ ನೋಡುವುದು ಅವರ ಹುಚ್ಚು.

“ತಂಗಿ, ಇದು ಭಾಳ ಹಳೇದ ಐತಿ. ಹೊಸ ವಿಂಡೋಸ್ ಹಾಕಿದ್ರ ಏಳಂಗಿಲ್ಲ. ಲಿನಕ್ಸ್ ಹಾಕಿಕೊಡ್ತೇನಿ. ಅದು ಯಾರ ಸ್ವಂತದ್ದೂ ಅಲ್ಲ, ದುನಿಯಾದಾಗಿನ ಮಂದಿ ಕೂಡಿ ಬರದದ್ದು. ಯಾರು ಬೇಕಾದ್ರೂ ಒಳಗ ಇಣುಕಿ ನೋಡಬಹುದು,” ಎಂದರು.

ಇಣುಕಿ ನೋಡಬಹುದು ಎಂಬ ಮಾತು ನನಗೆ ಹಿಡಿಸಿತು.

ನಮ್ಮ ಮನೆ ಕೊರ್ತಾಲಿಮ್‌ನಲ್ಲಿ, ಜುವಾರಿ ಸೇತುವೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಒಂದೇ ಗೋಡೆಗೆ ಅಂಟಿಕೊಂಡ ಆರು ಮನೆಗಳು. ಪಕ್ಕದ ಮನೆಯಲ್ಲಿ ಚಾಚಾ ಮತ್ತು ಚಾಚಿ ಇದ್ದಾರೆ. ಚಾಚಾ ಇಂಡಿ ತಾಲೂಕಿನವರು, ನಮ್ಮದೂ ಅದೇ ಕಡೆ. ಮುರ್ಮುಗಾಂವ್ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮೆಲ್ಲಗೆ ಹೋಯಿತು. ಈಗ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎನ್ನುವಷ್ಟು ಮಾತ್ರ ತಿಳಿಯುತ್ತದೆ.

ಕಂಪ್ಯೂಟರ್ ಮನೆಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ ಚಾಚಾ ಗೋಡೆ ಹಿಡಿದುಕೊಂಡು ಬಂದರು. ಕೈಯಲ್ಲಿ ಒಂದು ಪೆನ್ ಡ್ರೈವ್.

“ಮಗಳ, ಇದರಾಗ ನಮ್ಮೂರ ಮೊಹರಂ ಹಾಡು ಅದಾವ. ಹರೇದಾಗ ನಾನ ಟೇಪ್‌ನ್ಯಾಗ ತುಂಬಿದ್ದೆ. ಹಾಡಿದಾಂವ ನಮ್ಮ ಸ್ವಾದರಮಾವ. ಅವನೂ ಹೋದ, ಅವನ ಹಾಡು ಬರದ ವಹಿನೂ ಹೋತು. ಈಗ ಊರ ಮೇಳದವರು ಫೋನ್ ಮಾಡಿ, ಚಾಚಾ, ಹಾಡಿನ ಮಾತು ಬರಸಿ ಕಳಸ್ರಿ ಅನ್ನಾಕತ್ತಾರ. ನನಗ ಬರಿಯಾಕ ಕಣ್ಣಿಲ್ಲ. ನಿನಗ ಟೈಪ್ ಬರತೈತಿ.”

ನಮ್ಮ ಕಡೆ ಮೊಹರಂಗೆ ಹಿಂದೂಗಳೂ ಮುಸ್ಲಿಮರೂ ಕೂಡಿ ಕನ್ನಡದಲ್ಲಿ ಹಾಡುವ ರಿವಾಯತ್ ಹಾಡುಗಳು ಅವು. ನಮ್ಮ ತಂದೆಯೂ ಮೇಳದಲ್ಲಿ ಹೆಜ್ಜೆ ಹಾಕುತ್ತಿದ್ದರು. ನಾನು ತಕ್ಷಣ ಒಪ್ಪಿದೆ, ಒಂದು ಜೊತೆ ಸ್ಪೀಕರನ್ನೂ ತಂದೆ.

ಒಪ್ಪಿದ ಮೇಲೆ ಗೊತ್ತಾಯಿತು ಅದೆಷ್ಟು ಕಷ್ಟ ಎಂದು. ಹಾಡು ಹಚ್ಚಿ, ನಾಲ್ಕು ಮಾತು ಕೇಳಿ, ಮೌಸ್ ಹಿಡಿದು ನಿಲ್ಲಿಸಿ, ಟೈಪ್ ಮಾಡಿ, ಮತ್ತೆ ಮೌಸ್ ಹಿಡಿದು ಹಿಂದಕ್ಕೆ ಎಳೆದರೆ ಅದು ಹಾಡಿನ ಆರಂಭಕ್ಕೇ ಓಡುತ್ತಿತ್ತು. ಟೇಪು ಹಳೆಯದು, ಹಲಗೆ ವಾದ್ಯದ ಸದ್ದಿನಲ್ಲಿ ಮಾತು ಮುಳುಗುತ್ತಿತ್ತು. ಒಂದು ಸಾಲನ್ನು ಇಪ್ಪತ್ತು ಸಲ ಕೇಳಬೇಕು. ಎರಡು ಭಾನುವಾರ ಕಳೆದರೂ ಒಂದು ನುಡಿ ಮುಗಿಯಲಿಲ್ಲ.

ಆಗ ಚಾಚಾ ಕೈಚಾಚಿ ಕೀಬೋರ್ಡಿನ ಮೇಲೆ ಬೆರಳಾಡಿಸಿದರು. ಮೇಲಿನ ಸಾಲಿಗೆ ಬಂದು ಬೆರಳು ನಿಂತಿತು.

“ಇವು ಏನು? ದುಂಡಗ ಅದಾವ. ಇದು ಚಕ್ರ ಅಲ್ಲೇನ?”

“ಹೌದ್ರಿ ಚಾಚಾ. ಹಾಡು ಹಚ್ಚಾಕ, ನಿಲ್ಲಸಾಕ ಇರಬೇಕ್ರಿ. ನಾ ಒಮ್ಮೆನೂ ಉಪಯೋಗಿಸಿಲ್ಲ.”

“ಹಂಗಾರ ಹಾಡು ನನ್ನ ಕೈಯಾಗ ಕೊಡು. ನೀ ಬರಿ, ನಾ ನಿಲ್ಲಸ್ತೇನಿ. ಇಷ್ಟ ವರ್ಷ ಲಿವರ್ ಹಿಡದ ಕೈ ಇದು.”

ಒತ್ತಿದರು. ಏನೂ ಆಗಲಿಲ್ಲ. ಎಡದಿಂದ ಬಲಕ್ಕೆ ಒಂದೊಂದಾಗಿ ಒತ್ತಿಸಿದೆ. ಒಂಬತ್ತರಲ್ಲಿ ಎರಡು ಮಾತ್ರ ಕೆಲಸ ಮಾಡಿದವು. ಒಂದು ಒತ್ತಿದರೆ ಸದ್ದು ಪೂರ್ತಿ ಬಂದ್, ಇನ್ನೊಂದು ಒತ್ತಿದರೆ ಪರದೆಯ ಮೇಲೆ ಕ್ಯಾಲ್ಕುಲೇಟರ್. ನಮಗೆ ಬೇಡದ ಎರಡು. ಚಕ್ರ ತಿರುಗಿಸಿದರೂ ಸುಮ್ಮನೆ ತಿರುಗಿತು.

ಸೋಮವಾರ ಎಲೆಕ್ಟ್ರಿಷಿಯನ್ ಅಣ್ಣನನ್ನು ಕೇಳಿದೆ. “ನನಗೂ ಗೊತ್ತಿಲ್ಲ ತಂಗಿ. ಆದ್ರ ಅದು ಒಳಗ ಒಂದು ದಿನಚರಿ ಬರಕೋತ ಇರತೈತಿ, ಲಾಗ್ ಅಂತಾರ. ಬಟನ್ ಒತ್ತಿ ಅದನ್ನ ತಗದು ನೋಡು,” ಎಂದು ಒಂದು ಚೀಟಿಯಲ್ಲಿ ಆಜ್ಞೆ ಬರೆದುಕೊಟ್ಟರು.

ಮುಂದಿನ ಭಾನುವಾರ ಚಹಾ ಕುಡಿದು ಕುಳಿತೆವು. ಪರದೆಯಲ್ಲಿ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು ಚೀಟಿಯಲ್ಲಿದ್ದುದನ್ನು ಟೈಪ್ ಮಾಡಿದೆ. ಚಾಚಾ ಮೊದಲ ಬಟನ್ ಒತ್ತಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು. ನಾನು ಎರಡು ಸಲ ಓದಿಕೊಂಡೆ. ಗೊತ್ತಿಲ್ಲದ ಕೀ ಒತ್ತಲಾಗಿದೆ ಎಂದಿತ್ತು. ಪಕ್ಕದಲ್ಲಿ ಅದರ ಸಂಖ್ಯೆ. ಅದರ ಕೆಳಗೆ, ಇದನ್ನು ಗೊತ್ತಾಗುವಂತೆ ಮಾಡಲು ಈ ಆಜ್ಞೆ ಬಳಸಿ ಎಂದಿತ್ತು.

ನಾನು ನಕ್ಕುಬಿಟ್ಟೆ. ಇಷ್ಟು ದಿನ, ಈ ಯಂತ್ರಕ್ಕೆ ಬಟನ್ ಒತ್ತಿದ್ದೇ ಕೇಳಿಸುತ್ತಿಲ್ಲ ಎಂದುಕೊಂಡಿದ್ದೆ. ಅದಕ್ಕೆ ಪ್ರತಿ ಸಲವೂ ಕೇಳಿಸಿತ್ತು. ಪ್ರತಿ ಸಲವೂ ಬರೆದಿಟ್ಟುಕೊಂಡಿತ್ತು. ಆ ಸಂಖ್ಯೆಗೆ ಏನು ಹೆಸರು, ಏನು ಕೆಲಸ ಎಂಬುದಷ್ಟೇ ಅದಕ್ಕೆ ತಿಳಿದಿರಲಿಲ್ಲ. ಕೀಬೋರ್ಡು ಮಾಡಿದವರು, ಎಲ್ಲರೂ ಒಪ್ಪಿದ ಸಂಖ್ಯೆ ಬಿಟ್ಟು ತಮ್ಮದೇ ಸಂಖ್ಯೆ ಕೊಟ್ಟಿದ್ದರು.

“ಏನಂತೈತಿ?” ಎಂದರು ಚಾಚಾ.

“ಯಾರೋ ಬಾಗಲಾ ಬಡಿಯಾಕತ್ತಾರ, ಯಾರಂತ ಗೊತ್ತಿಲ್ಲ, ನಿಮಗ ಗೊತ್ತಿದ್ರ ಹೇಳ್ರಿ ಅನ್ನಾಕತ್ತೈತ್ರಿ.”

“ಭಾಳ ಮರ್ಯಾದಸ್ಥ ಐತಿ ಬಿಡು!”

ಅವರು ಒತ್ತಿದರು, ನಾನು ಸಂಖ್ಯೆ ಬರೆದುಕೊಂಡೆ. ಉಳಿದ ಏಳರಲ್ಲಿ ಆರು ಬಟನ್‌ಗಳು, ಚಕ್ರದ ಎರಡೂ ದಿಕ್ಕು, ಎಲ್ಲ ತಂತಮ್ಮ ಸಂಖ್ಯೆ ಹೇಳಿದವು. ಲಕೋಟೆಯ ಬಟನ್ ಮಾತ್ರ ಏನು ಮಾಡಿದರೂ ಬಾಯಿ ಬಿಡಲಿಲ್ಲ. ಲಾಗಿನಲ್ಲಿ ಒಂದು ಚುಕ್ಕಿಯೂ ಇಲ್ಲ. ಚಾಚಾ ಅದನ್ನು ಜೋರಾಗಿ, ಮೆಲ್ಲಗೆ, ಓರೆಯಾಗಿ ಒತ್ತಿ ನೋಡಿ ಬಿಟ್ಟುಬಿಟ್ಟರು.

ಯಾವ ಸಂಖ್ಯೆಗೆ ಯಾವ ಹೆಸರು ಎಂದು ಬರೆಯಲು ಲಿನಕ್ಸಿನಲ್ಲಿ ಒಂದು ಪಟ್ಟಿ ಇರುತ್ತದೆ. ಅದು ಎಲ್ಲಿದೆ, ಹೇಗೆ ಬರೆಯಬೇಕು ಎಂದು ಕಂಡುಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಮಡಗಾಂವ್ ಬಸ್ಸಿನಲ್ಲಿ ಮೊಬೈಲ್ ಹಿಡಿದು ಓದುತ್ತಿದ್ದೆ. ನನ್ನ ಇಂಗ್ಲಿಷ್ ಲಾರಿ ಚಲನ್ನಿನ ಇಂಗ್ಲಿಷ್. ಒಂದು ಪುಟ ಓದಲು ಬಸ್ಸು ಕೊರ್ತಾಲಿಮ್ ಬಿಟ್ಟು ಮಡಗಾಂವ್ ಸೇರಬೇಕು. ಆದರೂ ಬೇಸರವಾಗಲಿಲ್ಲ. ಓದುತ್ತ ಹೋದಂತೆ ಒಂದು ವಿಷಯ ತಿಳಿದು ಖುಷಿಯಾಯಿತು. ಬಟನ್ ಮೇಲಿನ ಚಿತ್ರಕ್ಕೂ ಅದು ಮಾಡುವ ಕೆಲಸಕ್ಕೂ ಯಾವ ಕಟ್ಟುಪಾಡೂ ಇಲ್ಲ. ಮನೆಯ ಚಿತ್ರವಿದ್ದ ಬಟನ್‌ಗೆ ಬೇಕಾದ ಕೆಲಸ ಕೊಡಬಹುದು. ನಮಗೆ ಬೇಕಾಗಿದ್ದುದು ಐದು ಸೆಕೆಂಡು ಹಿಂದಕ್ಕೆ ಹೋಗುವುದು. ಅದನ್ನೇ ಕೊಟ್ಟೆ.

ಚಾಚಾಗೆ ಹೇಳಿದಾಗ ಅವರು, “ಮನಿ ಒತ್ತಿದ್ರ ಹಿಂದಕ್ಕ ಹೊಕ್ಕೈತಿ. ಚಲೋ ಆತು,” ಎಂದು ತಮ್ಮಷ್ಟಕ್ಕೆ ನಕ್ಕರು.

ಪಟ್ಟಿ ಬರೆದು ಕಂಪ್ಯೂಟರನ್ನು ಬಂದ್ ಮಾಡಿ ಮತ್ತೆ ಶುರು ಮಾಡಿದೆವು. ಚಾಚಾ ಬಾಣದ ಬಟನ್ ಒತ್ತಿದರು. ಸ್ವಾದರಮಾವನ ಧ್ವನಿ ಬಂತು. ಒತ್ತಿದರು, ನಿಂತಿತು. ಮನೆ ಒತ್ತಿದರು, ಅದೇ ಸಾಲು ಮತ್ತೆ ಬಂತು. ಅವರ ಮುಖ ನೋಡಬೇಕಿತ್ತು. ಬಾಗಿಲಲ್ಲಿ ನಿಂತಿದ್ದ ಚಾಚಿಯೂ ಒಳಗೆ ಬಂದು ಕುಳಿತರು.

“ಸ್ವಲ್ಪ ದೊಡ್ಡದ ಮಾಡ್ರಿ, ನನಗೂ ಕೇಳಲಿ,” ಎಂದರು ಚಾಚಿ.

ಚಾಚಾ ಚಕ್ರವನ್ನು ಒಂದು ಹಲ್ಲು ಬಲಕ್ಕೆ ತಿರುಗಿಸಿದರು. ಸದ್ದು ಏರಿತು. ಕೈ ತೆಗೆದರು. ಸದ್ದು ಏರುತ್ತಲೇ ಹೋಯಿತು. ಹಲಗೆ ಬಡಿತ ಗೋಡೆ ನಡುಗಿಸಿತು. ನಾನು ಗಾಬರಿಯಾಗಿ ಮೌಸಿನಿಂದ ಸದ್ದು ಕೆಳಗೆಳೆದರೆ ಅದು ಮತ್ತೆ ಮೇಲೇರುತ್ತಿತ್ತು. ಉಳಿದ ಮನೆಯವರೆಲ್ಲ ಹೊರಗೆ ಬಂದರು. ಕೊನೆಯ ಮನೆಯ ಕೊಂಕಣಿ ಅಕ್ಕ ಕಿಟಕಿಯಲ್ಲಿ ಇಣುಕಿ, “ಕಿತೆಂ ಜಾಲೆಂ ಗೊ?”, ಏನಾಯಿತೇ, ಎಂದು ಕೂಗಿದರು. ನನಗಾಗಲಿ ಚಾಚಾಗಾಗಲಿ ಏನೂ ತೋಚದಿದ್ದಾಗ ಚಾಚಿ ಎದ್ದು ಹೋಗಿ ಗೋಡೆಯ ಪ್ಲಗ್ಗನ್ನೇ ಕಿತ್ತರು.

ನನಗೆ ನಾಚಿಕೆಯಾಯಿತು. ಚಾಚಾ ಮಾತ್ರ ತಲೆ ಓರೆ ಮಾಡಿ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ತಿರುಗಿಸುತ್ತ ಕುಳಿತಿದ್ದರು.

“ಮಗಳ, ನಾ ಕೈ ಬಿಟ್ಟದ್ದು ಅದಕ್ಕ ಗೊತ್ತಾಗಿಲ್ಲ.”

“ಅಂದ್ರರಿ?”

“ಕ್ರೇನಿನ ಲಿವರ್ ಮುಂದ ದೂಡಿದ್ರ ಹುಕ್ ಏರತೈತಿ. ಕೈ ಬಿಟ್ಟಕೂಡ್ಲೆ ಲಿವರ್ ತಾನ ನಡುವ ಬಂದು ನಿಲ್ಲತೈತಿ. ನಡುವ ಬಂದ್ರನ ಹುಕ್ಕಿಗೆ ಸಾಕು ಅಂತ ತಿಳೀತೈತಿ. ಈ ಚಕ್ರ ತಿರಗಸಿದ್ದು ಹೇಳೇತಿ, ಬಿಟ್ಟದ್ದು ಹೇಳಿಲ್ಲ ನೋಡು.”

ಕಂಪ್ಯೂಟರ್ ಪುಸ್ತಕವನ್ನು ಮುಟ್ಟಿಯೂ ನೋಡದ ಮನುಷ್ಯ ಅದನ್ನು ಕೈಯಿಂದಲೇ ಕಂಡುಹಿಡಿದಿದ್ದರು. ಮರುದಿನದಿಂದ ನಾನು ಹುಡುಕಿದ್ದು ಅದನ್ನೇ. ಹುಡುಕುವುದು ಏನನ್ನು ಎಂದು ಗೊತ್ತಿದ್ದರೆ ಅರ್ಧ ದಾರಿ ಸಾಗಿದ ಹಾಗೆ. ಕೀಬೋರ್ಡು ಒತ್ತಿದಾಗ ಒಂದು ಸಂದೇಶ, ಬಿಟ್ಟಾಗ ಇನ್ನೊಂದು ಸಂದೇಶ ಕಳಿಸುತ್ತದೆ. ಈ ಎರಡನೆಯದು ಬರುವ ತನಕ ಕಂಪ್ಯೂಟರು, ಬೆರಳು ಇನ್ನೂ ಅಲ್ಲೇ ಇದೆ ಎಂದುಕೊಳ್ಳುತ್ತದೆ. ಕೆಲವು ಕೀಬೋರ್ಡುಗಳ ವಿಶೇಷ ಬಟನ್‌ಗಳು ಬಿಟ್ಟ ಸಂದೇಶ ಕಳಿಸುವುದೇ ಇಲ್ಲ. ಇದು ನಮಗೊಬ್ಬರಿಗೇ ಬಂದ ಕಷ್ಟವಾಗಿರಲಿಲ್ಲ. ಯಾರೋ ಮೊದಲೇ ಇದನ್ನು ಅನುಭವಿಸಿ, ಪಟ್ಟಿಯಲ್ಲಿ ಆ ಹೆಸರಿನ ಮೊದಲಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಸಾಕು, ಬಿಟ್ಟ ಸಂದೇಶವನ್ನು ಕಂಪ್ಯೂಟರೇ ಊಹಿಸಿಕೊಳ್ಳುವ ಹಾಗೆ ಮಾಡಿಟ್ಟಿದ್ದರು. ಒಂದು ಗೀಟು, ಅದರ ಕೆಳಗೊಂದು ಚುಕ್ಕಿ. ಚಕ್ರದ ಎರಡು ಸಾಲಿನಲ್ಲೂ ಅದನ್ನು ಸೇರಿಸಿದೆ.

ಈ ಸಲ ಚಾಚಿ ಪ್ಲಗ್ಗಿನ ಹತ್ತಿರವೇ ನಿಂತಿದ್ದರು. ಚಾಚಾ ಒಂದು ಹಲ್ಲು ತಿರುಗಿಸಿದರು. ಸದ್ದು ಒಂದು ಮೆಟ್ಟಿಲು ಏರಿ ನಿಂತಿತು. ಇನ್ನೊಂದು ಹಲ್ಲು, ಇನ್ನೊಂದು ಮೆಟ್ಟಿಲು.

“ಈಗ ನಡುವ ಬಂತು,” ಎಂದರು ಚಾಚಾ.

ಆಮೇಲೆ ಕೆಲಸ ಓಡಿತು. ನಾನು ಟೈಪ್ ಮಾಡಲು ಇನ್ನೊಂದು ಸಣ್ಣ ಕೀಬೋರ್ಡು ತಂದೆ. ಒಂದೇ ಕಂಪ್ಯೂಟರಿಗೆ ಎರಡು ಕೀಬೋರ್ಡು, ಒಂದು ಅವರ ತೊಡೆಯ ಮೇಲೆ, ಒಂದು ನನ್ನ ಮುಂದೆ. ನನ್ನ ಬೆರಳು ನಿಲ್ಲುವ ಸದ್ದು ಕೇಳಿ ಅವರು ಹಾಡು ಬಿಡುತ್ತಿದ್ದರು. ಒಂದು ಮಾತು ಮುಗಿಯುವ ಕೊನೆಗೆ ಸರಿಯಾಗಿ ನಿಲ್ಲಿಸುತ್ತಿದ್ದರು. ನಾನೇ ಎರಡೂ ಮಾಡಿದ್ದರೆ ಅಷ್ಟು ನಿಖರವಾಗಿ ಆಗುತ್ತಿರಲಿಲ್ಲ. ಜಗಳವೂ ಆಗುತ್ತಿತ್ತು. ಒಂದು ಹಾಡಿನಲ್ಲಿ ‘ಹೊಳಿ ದಾಟಿ’ ಎಂದು ನನಗೆ ಕೇಳಿದರೆ ಅವರಿಗೆ ‘ಗಡಿ ದಾಟಿ’ ಎಂದು ಕೇಳುತ್ತಿತ್ತು. ಅದನ್ನು ಎಷ್ಟು ಸಲ ತಿರುಗಿಸಿದೆವೋ. ಚಾಚಿಯನ್ನು ಕೇಳಿದರೆ, “ಇಬ್ಬರೂ ದಾಟ್ರಿ, ರೊಟ್ಟಿ ಆರಾಕತ್ತಾವ,” ಎಂದರು. ಕೊನೆಗೆ ಎರಡನ್ನೂ ಬರೆದೆವು.

ಈ ನಡುವೆ ನನಗೊಂದು ಆಸೆ ಹುಟ್ಟಿತು. ಎಲ್ಲರೂ ಕೂಡಿ ಬರೆದದ್ದು ಅಂದಮೇಲೆ ನಾವು ಕಂಡುಕೊಂಡ ಹತ್ತೆಂಟು ಸಾಲನ್ನೂ ಅದರಲ್ಲಿ ಸೇರಿಸಬಹುದಲ್ಲ. ಆ ಪಟ್ಟಿಯನ್ನು ನೋಡಿಕೊಳ್ಳುವವರಿಗೆ ಪತ್ರ ಬರೆಯುವ ಒಂದು ಸಾರ್ವಜನಿಕ ಜಾಗ ಇಂಟರ್ನೆಟ್ಟಿನಲ್ಲಿತ್ತು. ಮೂರು ದಿನ ಊಟದ ಬಿಡುವಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಬರೆದೆ. ಕೀಬೋರ್ಡಿನ ಮಾದರಿ, ಬಟನ್‌ಗಳ ಸಂಖ್ಯೆ, ಚಕ್ರದ ಕಥೆ, ಮಾತಾಡದ ಲಕೋಟೆ, ಎಲ್ಲ. ಮತ್ತೊಮ್ಮೆ ಓದಿ ಕಳಿಸಿದೆ.

ಎರಡೇ ದಿನಕ್ಕೆ ಉತ್ತರ ಬಂತು. ಯಾವ ದೇಶದವರೋ, ಹೆಸರಿನಿಂದ ಗಂಡೋ ಹೆಣ್ಣೋ ಎಂದೂ ತಿಳಿಯಲಿಲ್ಲ. ಬಹಳ ಸೌಜನ್ಯದಿಂದ, ಸೇರಿಸಲು ಆಗುವುದಿಲ್ಲ ಎಂದು ಬರೆದಿದ್ದರು. ಕಾರಣವನ್ನೂ ಹೇಳಿದ್ದರು. ನನ್ನ ಹಳೆಯ ಕೀಬೋರ್ಡಿನದು ದುಂಡನೆಯ ಪ್ಲಗ್ಗು. ಆ ಪ್ಲಗ್ಗಿನ ಕೀಬೋರ್ಡುಗಳು ತಾವು ಯಾರೆಂದು ಕಂಪ್ಯೂಟರಿಗೆ ಹೇಳುವುದಿಲ್ಲ. ಹೊಸ ಚಪ್ಪಟೆ ಪ್ಲಗ್ಗಿನವು ಹೇಳುತ್ತವೆ. ಹಾಗಾಗಿ ಈ ಸಾಲುಗಳನ್ನು ಕಂಪ್ಯೂಟರಿನ ಮಾದರಿಯ ಹೆಸರಿಗೆ ಕಟ್ಟಬೇಕಾಗುತ್ತದೆ. ಆಗ ಅದೇ ಕಂಪ್ಯೂಟರಿಗೆ ಬೇರೆ ಕೀಬೋರ್ಡು ಹಾಕಿಕೊಂಡವರ ಬಟನ್‌ಗಳು ಕೆಡುತ್ತವೆ. ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ, ಪತ್ರ ಇಲ್ಲಿಯೇ ಇರುತ್ತದೆ, ಹುಡುಕಿದವರಿಗೆ ಸಿಗುತ್ತದೆ ಎಂದು ಮುಗಿಸಿದ್ದರು.

ಆ ದಿನವೆಲ್ಲ ನನಗೆ ಸಿಟ್ಟು. ಸಂಜೆ ಚಾಚಾ ಹತ್ತಿರ ಹೇಳಿಕೊಂಡೆ. ಅವರು ನನ್ನ ಪರ ಮಾತಾಡುತ್ತಾರೆ ಎಂದುಕೊಂಡಿದ್ದೆ.

“ಅವರು ಹೇಳೋದು ಖರೇ ಐತಲ್ಲ ಮಗಳ. ನಾ ಕುಂಡರೋ ಕ್ರೇನಿನ ಲಿವರ್ ಬಿಗಿ ಇತ್ತು, ನಾ ಜೋರ್ ಹಾಕಿ ದೂಡತಿದ್ದೆ. ಎಲ್ಲಾ ಕ್ರೇನಿನ್ಯಾಗೂ ಹಂಗ ದೂಡ್ರಿ ಅಂತ ಬೋರ್ಡ್ ಹಚ್ಚಿದ್ರ ಹೆಂಗ?”

“ಆದ್ರೂ ಇಷ್ಟ ಕಷ್ಟಪಟ್ಟೇವಲ್ರಿ.”

“ಕೆಲಸ ನಡದೈತಲ್ಲ. ಹಚ್ಚು ಹಾಡು.”

ಸಿಟ್ಟು ಇಳಿದ ಮೇಲೆ ಆ ಉತ್ತರವನ್ನು ಮತ್ತೆ ಓದಿದೆ. ಗುರುತಿಲ್ಲದ ನನಗೆ, ನನ್ನ ತಪ್ಪುತಪ್ಪು ಇಂಗ್ಲಿಷಿಗೆ, ಅಷ್ಟು ವಿವರವಾಗಿ ಕಾರಣ ಬರೆಯಬೇಕೆಂದು ಆ ವ್ಯಕ್ತಿಗೆ ಏನೂ ಇರಲಿಲ್ಲ. ನನ್ನ ಕಾರ್ಖಾನೆಯಲ್ಲಿ ನನಗೆ ಯಾರೂ ಯಾವುದಕ್ಕೂ ಅಷ್ಟು ಉದ್ದದ ಕಾರಣ ಹೇಳಿದ್ದಿಲ್ಲ. ಧನ್ಯವಾದ ಬರೆದು ಕಳಿಸಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಪತ್ರ ಬಂತು. ಬೇರೆಯೇ ಮನುಷ್ಯ. ದೂರದ ಚಳಿ ದೇಶದಲ್ಲಿ ಶಾಲಾ ಬಸ್ ಓಡಿಸುವವರಂತೆ. ತಂದೆ ಬಿಟ್ಟುಹೋದ ಕೀಬೋರ್ಡು, ನಿಮ್ಮದೇ ಮಾದರಿ, ನನ್ನದೂ ಹೀಗೇ ಸದ್ದು ಏರಿಸುತ್ತ ಹೋಗುತ್ತಿತ್ತು, ನಿಮ್ಮ ಪತ್ರ ಹುಡುಕಿ ಸಿಕ್ಕಿತು, ಸಾಲುಗಳನ್ನು ಹಾಗೇ ಹಾಕಿದೆ, ಸರಿಹೋಯಿತು ಎಂದು ಬರೆದಿದ್ದರು. ಅವರ ಲಕೋಟೆಯ ಬಟನ್ ಕೂಡ ಮಾತಾಡುತ್ತಿರಲಿಲ್ಲವಂತೆ. ಕುತೂಹಲ ತಡೆಯದೆ ಕೀಬೋರ್ಡನ್ನೇ ಬಿಚ್ಚಿ ನೋಡಿದ್ದರು. ಆ ಬಟನ್ ಕೆಳಗೆ ತಂತಿಯ ಗೆರೆಯೇ ಇಲ್ಲ. ಕಾರ್ಖಾನೆಯವರು ಮೇಲೆ ಬಟನ್ ಕೂರಿಸಿ ಕೆಳಗೆ ಏನನ್ನೂ ಇಟ್ಟಿರಲಿಲ್ಲ. ಒಂದು ಚಿತ್ರವನ್ನೂ ಕಳಿಸಿದ್ದರು.

ನಾನು ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿ ನಮ್ಮದನ್ನೂ ಬಿಚ್ಚಿಸಿದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಎಂಟು ಬಟನ್‌ಗೆ ಬೆಳ್ಳಿಗೆರೆ ಬಂದು, ಒಂಬತ್ತನೆಯದರ ಜಾಗ ಖಾಲಿ ಇತ್ತು. ಚಾಚಾ ಬೆರಳಿನಿಂದ ಆ ಖಾಲಿ ಜಾಗ ಸವರಿ, “ಹನ್ನೊಂದ ವರ್ಷ ಇದನ್ನ ಒರಸಿದ್ಯೇನ ನೀ!” ಎಂದು ಹೊಟ್ಟೆ ಹಿಡಿದು ನಕ್ಕರು. ಅಣ್ಣನೂ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಹದಿನಾಲ್ಕು ಹಾಡು ಬರೆದು ಮುಗಿಸಿದೆವು. ಕಾಗದದ ಮೇಲೆ ಮುದ್ರಿಸಿ ಊರಿಗೆ ಹೋಗುವ ಬಸ್ಸಿನಲ್ಲಿ ಕಳಿಸಿದೆವು. ಮೊಹರಂ ದಿನ ಮೇಳದವರು ಫೋನ್ ಹಚ್ಚಿ ಹಾಗೇ ಹಿಡಿದರು. ಚಾಚಾ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಫೋನನ್ನು ಕಿವಿಗೊತ್ತಿ ಪೂರ್ತಿ ಕೇಳಿದರು. ಒಂದು ಕಡೆ ಮಾತ್ರ, “ತಪ್ಪ ಹಾಡಿದ್ರು,” ಎಂದರು.

ಹಾಡು ಮುಗಿದ ಮೇಲೆ ಅವರಿಗೆ ಭಾನುವಾರ ಬೇಸರ ಶುರುವಾಯಿತು. ಒಂದು ದಿನ ಬಂದು, “ಮಗಳ, ಅಕ್ಷರದ ಸಾಲೂ ಕಲಸಿಕೊಡು, ನಾನ ಬರೀತೇನಿ,” ಎಂದರು. ಪರದೆಯನ್ನು ಓದಿ ಹೇಳುವ ತಂತ್ರಾಂಶ ಹಾಕಿದೆ. ಅದು ಕನ್ನಡವನ್ನೂ ಓದುತ್ತದೆ, ಆದರೆ ಮೂಗಿನಿಂದ, ಒಂದೊಂದೇ ಅಕ್ಷರ ಕಡಿದು ಕಡಿದು. ಮೊದಲ ಸಲ ಕೇಳಿದಾಗ ಚಾಚಾ ಗಲ್ಲದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೇಳಿದರು.

“ಇದು ಯಾ ಊರಿಂದ?” ಎಂದರು.

“ಊರಿಲ್ರಿ ಚಾಚಾ ಇದಕ್ಕ.”

“ಹಂಗಾರ ನಮ್ಮೂರ ಮಾತು ನಾವ ಕಲಸಬೇಕ ಅಂತಿ.”

ಕೀಬೋರ್ಡಿನ ಮೇಲೆ ಎರಡು ಅಕ್ಷರಗಳಿಗೆ ಸಣ್ಣ ಉಬ್ಬುಗೀಟು ಇರುತ್ತದೆ, ತೋರುಬೆರಳುಗಳು ಅಲ್ಲಿ ಕೂರಬೇಕು. ಅದನ್ನು ತೋರಿಸಿಕೊಡಬೇಕೆಂದು ನಾನು ಕೈ ಹಿಡಿಯುವ ಮೊದಲೇ ಅವರ ಬೆರಳು ಅಲ್ಲಿ ಹೋಗಿ ಕುಳಿತಿತ್ತು. ಹೋದ ಭಾನುವಾರ ಚಾಚಿಯ ಹೆಸರನ್ನು ಬರೆದರು. ಒತ್ತಕ್ಷರ ತಪ್ಪಿತ್ತು. ಯಂತ್ರ ಅದನ್ನು ಹಾಗೇ ತಪ್ಪಾಗಿ ಓದಿತು. ಒಳಗಿನಿಂದ ಚಾಚಿ, “ಯಾರನ್ನ ಕರ್ಯಾಕತ್ತೀರಿ?” ಎಂದು ಕೂಗಿದರು.